ಸರಕಾರಿ ಕಟ್ಟಡದ ವಿನ್ಯಾಸ ಕಡಿಮೆ ದರ ಹೇಳಿದವರಿಗೇ ಸಿಗುವುದೇ?

ಕುಂಬಳೆಯಲ್ಲಿ ಸಣ್ಣ ವಾಸ್ತುಶಿಲ್ಪ ಕಚೇರಿ ನಡೆಸುವ ನೀವು, ಎಲ್ಲರಿಗಿಂತ ಕಡಿಮೆ ಶುಲ್ಕ ನಮೂದಿಸದೆ ಸರಕಾರಿ ಕೆಲಸ ಸಿಗುವುದುಂಟೇ ಎಂದು ಕೇಳಿದ್ದೀರಿ. ಸಿಗುವುದುಂಟು. ಆದರೆ ಟೆಂಡರು ಪತ್ರದಲ್ಲಿ ಗುಣಮಟ್ಟಕ್ಕೆಷ್ಟು, ದರಕ್ಕೆಷ್ಟು ಅಂಕವೆಂದು ಮೊದಲೇ ನೋಡಿಕೊಳ್ಳಬೇಕು.

ಕೇರಳದ ಲೋಕೋಪಯೋಗಿ ಇಲಾಖೆಗೆ ತನ್ನದೇ ವಾಸ್ತುಶಿಲ್ಪ ವಿಭಾಗವಿದೆ. ಪಂಚಾಯತು ಕಾಮಗಾರಿಗಳನ್ನು ಸ್ಥಳೀಯಾಡಳಿತ ಇಲಾಖೆಯ ಇಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. ತಲಪಾಡಿ–ಚೆಂಗಳ ಹೆದ್ದಾರಿಯಂಥ ಹೈಬ್ರಿಡ್ ಆನ್ಯುಟಿ (ವೆಚ್ಚದ ಒಂದು ಭಾಗವನ್ನು ನಿರ್ಮಾಣದ ವೇಳೆ, ಉಳಿದದ್ದನ್ನು ಆಮೇಲೆ ಕಂತುಗಳಲ್ಲಿ ಸರಕಾರ ಕೊಡುವ) ಕಾಮಗಾರಿಗಳಲ್ಲಿ ವಿನ್ಯಾಸದ ಹೊಣೆ ಗುತ್ತಿಗೆ ಪಡೆದವರದೇ. ಹೊರಗಿನ ಸಲಹೆಗಾರರನ್ನು ನೇರವಾಗಿ ನೇಮಿಸಿಕೊಳ್ಳುವ ಕಡೆ ಮಾತ್ರ ನಮಗೆ ಅವಕಾಶ.

ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಎರಡರಲ್ಲೂ ತಾಂತ್ರಿಕ ಪ್ರಸ್ತಾವ ಮತ್ತು ದರ ಬೇರೆ ಬೇರೆ ಲಕೋಟೆಗಳಲ್ಲಿರುತ್ತವೆ. ತಾಂತ್ರಿಕವಾಗಿ ಅರ್ಹರಾದವರ ದರದ ಲಕೋಟೆಯನ್ನಷ್ಟೇ ತೆರೆಯುತ್ತಾರೆ. ವಾಡಿಕೆಯ, ಅಷ್ಟೇನೂ ಜಟಿಲವಲ್ಲದ ಕೆಲಸವಾದರೆ ಅರ್ಹರಲ್ಲಿ ಕಡಿಮೆ ದರದವರಿಗೇ ಆದೇಶ. ಇನ್ನೊಂದು, ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ತೂಗುವ ಆಯ್ಕೆ. ಇದರಲ್ಲಿ ಗುಣಮಟ್ಟಕ್ಕೆ ಶೇ. 80ರವರೆಗೂ ತೂಕ ಕೊಡಬಹುದು.

ಈ ತೂಕವೇ ಫಲಿತಾಂಶವನ್ನು ನಿರ್ಧರಿಸುತ್ತದೆ. ತಾಂತ್ರಿಕವಾಗಿ 90 ಅಂಕ ಪಡೆದ ಸಂಸ್ಥೆ 12 ಲಕ್ಷ ರೂಪಾಯಿ ಕೇಳಿದೆ, 80 ಅಂಕದ ಇನ್ನೊಂದು 10 ಲಕ್ಷ ಕೇಳಿದೆ ಎನ್ನೋಣ. ಕನಿಷ್ಠ ದರಕ್ಕೆ 100 ಅಂಕ, ಉಳಿದವರಿಗೆ ಅದೇ ಅನುಪಾತದಲ್ಲಿ ಕಡಿಮೆಯಾದ್ದರಿಂದ ಮೊದಲನೆಯ ಸಂಸ್ಥೆಗೆ ದರದಲ್ಲಿ ಸಿಗುವುದು 83.3. ತೂಕ ಗುಣಮಟ್ಟಕ್ಕೆ 70, ದರಕ್ಕೆ 30 ಆಗಿದ್ದರೆ ಒಟ್ಟು ಅಂಕ ಮೊದಲನೆಯದಕ್ಕೆ 88, ಎರಡನೆಯದಕ್ಕೆ 86; ದುಬಾರಿಯಾದವರೇ ಗೆಲ್ಲುತ್ತಾರೆ. 50:50 ಆಗಿದ್ದರೆ ಮೊದಲನೆಯದಕ್ಕೆ 86.7, ಎರಡನೆಯದಕ್ಕೆ 90; ಕೆಲಸ ಅಗ್ಗದವರ ಪಾಲು. ರಾಜ್ಯದ ಸಂಸ್ಥೆಗಳ ನಿಯಮಾವಳಿ ಬೇರೆಯಾದ್ದರಿಂದ ಅವರ ಟೆಂಡರನ್ನು ಪ್ರತ್ಯೇಕವಾಗಿ ಓದಿಕೊಳ್ಳಿ.

ಅಮೆರಿಕದ ಒಕ್ಕೂಟ ಸರಕಾರ 1972ರ ಬ್ರೂಕ್ಸ್ ಕಾಯಿದೆಯಂತೆ ಅರ್ಹತೆಯಿಂದಲೇ ಶ್ರೇಯಾಂಕ ಕೊಟ್ಟು, ಮೊದಲ ಸ್ಥಾನದವರೊಂದಿಗೆ ಶುಲ್ಕದ ಮಾತುಕತೆ ನಡೆಸುತ್ತದೆ. ಒಪ್ಪಂದವಾಗದಿದ್ದರೆ ಎರಡನೆಯವರನ್ನು ಕರೆಯುತ್ತದೆ. ವಿನ್ಯಾಸಕ್ಕೆ ಅದೇ ನ್ಯಾಯವೆಂಬುದು ನನ್ನ ದೃಢ ಅಭಿಪ್ರಾಯ. ಮುರಕಲ್ಲಿನ ಇಳಿಜಾರಿನಲ್ಲಿ, ನಮ್ಮ ಮಳೆಗಾಲವನ್ನು ತಡೆದು ನಿಲ್ಲಬೇಕಾದ ಶಾಲೆಯ ನಕಾಶೆಯನ್ನು ವಾಡಿಕೆಯ ಕೆಲಸವೆಂದು ಎಣಿಸುವುದು ಸರಿಯಲ್ಲ. ಶುಲ್ಕದಲ್ಲಿ ಉಳಿಸಿದ್ದು ದುರಸ್ತಿಗೆ ಹೋಗುತ್ತದೆ.

25 ಲಕ್ಷ ರೂಪಾಯಿವರೆಗಿನ ಸಲಹಾ ಕೆಲಸಗಳಿಗೆ ಕೇಂದ್ರ ನಿಯಮದಡಿ ಅವರಿವರಲ್ಲಿ ವಿಚಾರಿಸಿಯೇ ಸಂಸ್ಥೆಗಳ ಪಟ್ಟಿ ಮಾಡಿಕೊಳ್ಳಬಹುದು. ಆದುದರಿಂದ ಜಿಲ್ಲೆಯ ಕೇಂದ್ರ ಸಂಸ್ಥೆಗಳ ಇಂಜಿನಿಯರಿಂಗ್ ವಿಭಾಗಗಳಿಗೆ ನಿಮ್ಮ ಕೆಲಸಗಳ ವಿವರವನ್ನು ಈಗಲೇ ಬರೆದು ತಲುಪಿಸಿ.