ಹತ್ತು ಇಂಗುಗುಂಡಿ, ಇಪ್ಪತ್ತು ಸೆಕೆಂಡ್

ಪ್ರಶ್ನೆ: ದಾಬಸ್‌ಪೇಟೆ ಕಡೆ ಹತ್ತು ಎಕರೆಯಲ್ಲಿ ನಮ್ಮ ಕಾರ್ಖಾನೆ ಇದೆ. ಬಹುಪಾಲು ಶೆಡ್ಡು, ಕಾಂಕ್ರೀಟ್ ಯಾರ್ಡು. ಹತ್ತು ಇಂಗುಗುಂಡಿ ತೋಡಿಸಿದರೂ ಜೋರು ಮಳೆಗೆ ಕೆಳಗಿನ ರಾಗಿ ಹೊಲಕ್ಕೆ ನೀರು ನುಗ್ಗಿ, ರೈತರು ಗೇಟಿಗೆ ಬರುತ್ತಾರೆ. ಇನ್ನೆಷ್ಟು ಗುಂಡಿ ಬೇಕು?

ಮಳೆಗಾಲ ಶುರುವಾದರೆ ಇದೇ ಪ್ರಶ್ನೆ. ಗುಂಡಿ ಎಣಿಸುವುದು ಬಿಟ್ಟು ನೀರು ಅಳೆಯಿರಿ. ಹತ್ತು ಎಕರೆ ಎಂದರೆ ಸುಮಾರು 40,000 ಚದರ ಮೀಟರ್. ಗಂಟೆಗೆ 60 ಮಿ.ಮೀ. ಮಳೆ, ಅದರಲ್ಲಿ ಶೇ 90 ಹರಿದರೆ 2,160 ಘನ ಮೀಟರ್, ಅಂದರೆ ಸೆಕೆಂಡಿಗೆ 600 ಲೀಟರ್. 1.2 ಮೀಟರ್ ಉದ್ದಗಲ, 2 ಮೀಟರ್ ಆಳದ ಗುಂಡಿಗೆ ಜಲ್ಲಿ ತುಂಬಿದ ಮೇಲೆ ನೀರಿಗೆ ಉಳಿಯುವುದು ಶೇ 40 ಜಾಗ. ಹತ್ತೂ ಸೇರಿ ಹನ್ನೊಂದೂವರೆ ಸಾವಿರ ಲೀಟರ್. ಇಪ್ಪತ್ತು ಸೆಕೆಂಡಿಗೆ ತುಂಬುತ್ತವೆ! ಇಂಗುಗುಂಡಿಯ ‘ರೀಚಾರ್ಜ್ ಕಿಟ್’ ಮಾರುವವರು ಈ ಲೆಕ್ಕವನ್ನು ನಿಮ್ಮೆದುರು ಹಾಕುವುದಿಲ್ಲ.

ಹೊಲವಾಗಿದ್ದಾಗ ಅದೇ ಜಾಗದಿಂದ ಸೆಕೆಂಡಿಗೆ 200 ಲೀಟರ್ ಹೋಗುತ್ತಿತ್ತು ಎಂದಿಟ್ಟುಕೊಳ್ಳಿ. ಈಗಲೂ ಅಷ್ಟನ್ನೇ ಬಿಡಬೇಕು, ಮಿಕ್ಕಿದ್ದು ನಿಮ್ಮ ಗೇಟಿನೊಳಗೇ ಒಂದು ಹೊಂಡದಲ್ಲಿ ನಿಂತು, ಅದರ ತೂಬಿನಿಂದ ನಿಧಾನವಾಗಿ ಹೋಗಬೇಕು. ಒಂದು ಗಂಟೆಯ ಮಳೆಗೆ ಅದು 1,440 ಘನ ಮೀಟರ್. ಹೊಂಡ ತುಂಬುವವರೆಗೆ ತೂಬಿನಲ್ಲಿ ಪೂರ್ತಿ ಹರಿವು ಇರುವುದಿಲ್ಲವಾದ್ದರಿಂದ ಕಾಲುಭಾಗ ಸೇರಿಸಿ 1,800 ಮಾಡಿ. ಒಂದೂವರೆ ಮೀಟರ್ ಆಳಕ್ಕೆ ಹನ್ನೆರಡು ಗುಂಟೆ ಜಾಗ. ಗಂಟೆಗೆ 60 ಮಿ.ಮೀ. ಮಳೆ ಎಂಬುದು ಉದಾಹರಣೆ ಮಾತ್ರ. ನಿಮ್ಮೂರಿನ ಗಂಟೆವಾರು ಮಳೆ ದಾಖಲೆ ನೋಡಿ. ವಾರ್ಷಿಕ ಸರಾಸರಿ ಹಿಡಿದುಕೊಂಡು ಬರುವ ಕನ್ಸಲ್ಟೆಂಟನ್ನು ಬಾಗಿಲಿನಿಂದಲೇ ಕಳಿಸಿ.

ಕೆಡುವುದು ಸಾಮಾನ್ಯವಾಗಿ ತೂಬಿನಲ್ಲಿ. ಇಲ್ಲಿ ಬೇಕಿರುವುದು ಸುಮಾರು 28 ಸೆಂ.ಮೀ. ವ್ಯಾಸದ ಕಿಂಡಿ. ‘ಕಟ್ಟಿಕೊಳ್ಳದಿರಲಿ’ ಎಂದು 60 ಸೆಂ.ಮೀ. ಪೈಪ್ ಇಡುತ್ತಾರೆ, ಬಂದ ನೀರು ಬಂದ ಹಾಗೇ ಹೋಗುತ್ತದೆ, ಹೊಂಡ ತುಂಬುವುದೇ ಇಲ್ಲ. ಕಟ್ಟಿಕೊಳ್ಳದಿರಲು ಕಿಂಡಿಯ ಮುಂದೆ ಸರಳಿನ ಜಾಲರಿ, ನೀರು ಒಳಬರುವ ಕಡೆ ಹೂಳುಗುಂಡಿ, ಅದಕ್ಕೆ ಜೆಸಿಬಿ ಇಳಿಯುವಷ್ಟು ದಾರಿ ಬೇಕು. ಕೋಡಿ ಬೇರೆಯೇ ಇರಲಿ: ಎರಡೂವರೆ ಮೀಟರ್ ಅಗಲವಿದ್ದರೆ 30 ಸೆಂ.ಮೀ. ನೀರು ಹತ್ತಿದಾಗ ಸೆಕೆಂಡಿಗೆ 600 ಲೀಟರೂ ಹೊಂಡದ ಏರಿಯನ್ನು ಕೊಚ್ಚದೆ ಹೋಗುತ್ತದೆ. ತೂಬು, ಕೋಡಿ ಎರಡರ ನೀರೂ ಕಲ್ಲು ಹಾಸಿದ ಕಾಲುವೆಯಲ್ಲಿ ಹಳ್ಳಕ್ಕೆ ಸೇರಲಿ, ರೈತನ ಬದುವಿಗಲ್ಲ.

ಮಳೆ ನಿಂತ ಐದಾರು ಗಂಟೆಯಲ್ಲಿ ಹೊಂಡ ಬರಿದಾಗಬೇಕು. ಗಾರ್ಡನ್‌ಗೆ ಆಗುತ್ತದೆಂದು ತೂಬು ಮುಚ್ಚಿ ತುಂಬಿಸಿಟ್ಟವರಿಗೆ ನಾಳೆಯ ಮಳೆ ಹಿಡಿಯಲು ಜಾಗವೆಲ್ಲಿ? ಗಾರ್ಡನ್‌ಗೆ ಚಾವಣಿ ನೀರಿನ ಬೇರೆ ಟ್ಯಾಂಕ್ ಕಟ್ಟಿ.

ತೂಬಿಗೆ ಕೈಯಿಂದ ಮುಚ್ಚುವ ಗೇಟ್ ಇದ್ದೇ ಇರಲಿ. ಅದು ಡ್ರಮ್ ಒಡೆದಾಗ, ಬೆಂಕಿ ಬಿದ್ದಾಗ ಮುಚ್ಚಲಿಕ್ಕೆ. 1986ರ ನವೆಂಬರ್ 1ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಬಳಿ ಸ್ಯಾಂಡೋಜ್ ಎಂಬ ರಾಸಾಯನಿಕ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದಾಗ, ರಾಸಾಯನಿಕಗಳನ್ನು ರೈನ್ ನದಿಗೆ ಹೊತ್ತೊಯ್ದು ಮೀನುಗಳನ್ನು ಕೊಂದದ್ದು ಬೆಂಕಿ ನಂದಿಸಿದ ನೀರೇ.

ಪ್ರಶ್ನೆ: ಯಾರ್ಡಿನ ನೀರನ್ನು ಒಣಗಿದ ಬೋರ್‌ವೆಲ್‌ಗೆ ಬಿಡಬಹುದೇ?

ಬೇಡ. ಡೀಸೆಲ್, ಗ್ರೀಸ್, ಲೋಹದ ಪುಡಿಯನ್ನು ಸೋಸುವ ಮಣ್ಣೂ ಇಲ್ಲದೆ ನೇರ ಅಂತರ್ಜಲಕ್ಕೆ ಇಳಿಸಿದಂತಾಗುತ್ತದೆ. ಸೋಸಿದ ಚಾವಣಿ ನೀರು, ಅದೂ ಮೊದಲ ಮಳೆಯದನ್ನು ಹೊರಗೆ ಬಿಟ್ಟ ಮೇಲೆ, ಆದೀತು. ಚಿಮಣಿಯ ಮಸಿ ಬೀಳುವ ಚಾವಣಿಯಾದರೆ ಅದನ್ನೂ ನಾನು ಬಿಡಿಸುವುದಿಲ್ಲ.

ಪ್ರಶ್ನೆ: ಹೆಚ್ಚಾದ ಮಳೆನೀರು ಇಟಿಪಿಗೆ (ಕಾರ್ಖಾನೆಯ ಕೊಳೆನೀರು ಶುದ್ಧೀಕರಿಸುವ ಘಟಕಕ್ಕೆ) ಹೋದರೆ ಶುದ್ಧವಾಗುತ್ತದಲ್ಲವೇ?

ಇಲ್ಲ. ಅಷ್ಟು ನೀರು ನುಗ್ಗಿದರೆ ಇಟಿಪಿಯ ಕೆಲಸವೇ ಕೊಚ್ಚಿಹೋಗುತ್ತದೆ.

ಪ್ರಶ್ನೆ: ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಪುಡಿ ಚರಂಡಿಗೆ ಹಾಕಿದರೆ ಸಾಕೆ?

ಬ್ಯಾಕ್ಟೀರಿಯಾಗಳಿಗೆ ಎಣ್ಣೆ ತಿನ್ನಲು ದಿನಗಟ್ಟಲೆ ಬೇಕು; ಮಳೆನೀರು ನಿಮ್ಮ ಚರಂಡಿ ದಾಟಲು ನಿಮಿಷ ಸಾಕು. ಆ ದುಡ್ಡಿಗೆ ಲೋಡಿಂಗ್ ಜಾಗಕ್ಕೆ ತಗಡಿನ ಚಾವಣಿ ಹಾಕಿಸಿ.