ಓದುಗರ ಪ್ರಶ್ನೆ, ನಮ್ಮ ಉತ್ತರ: ಅತಿಥಿ ಉಪನ್ಯಾಸ, ಗುಡಿಯ ಅಳತೆ, ಮಣ್ಣಿನ ಇಟ್ಟಿಗೆ

ಪ್ರಶ್ನೆ: ನಮ್ಮ ಕಾಲೇಜಿನ ಆರ್ಕಿಟೆಕ್ಚರ್ ವಿದ್ಯಾರ್ಥಿ ಸಂಘ ತಿಂಗಳಿಗೊಂದು ಅತಿಥಿ ಉಪನ್ಯಾಸ ಇಡುತ್ತದೆ. ಬೆಂಗಳೂರಿನಿಂದ ಬಂದವರು ಎಂಬತ್ತು ತೊಂಬತ್ತು ಸ್ಲೈಡ್ ಓಡಿಸುತ್ತಾರೆ. ಕೊನೆಗೆ ‘ಏನಾದರೂ ಪ್ರಶ್ನೆ?’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?
– ನಾಲ್ಕನೇ ವರ್ಷದ ವಿದ್ಯಾರ್ಥಿನಿ, ಹಾಸನ

ಉತ್ತರ: ಆಹ್ವಾನ ಪತ್ರದಲ್ಲೇ ತಪ್ಪಿರಬೇಕು. ‘ನಿಮ್ಮ ಕೆಲಸದ ಬಗ್ಗೆ ಮಾತನಾಡಿ’ ಎಂದು ಬರೆದರೆ ಅವರು ಇಪ್ಪತ್ತು ವರ್ಷದ ಕೆಲಸವನ್ನೆಲ್ಲ ಹೊತ್ತು ತರುತ್ತಾರೆ. ಅದರ ಬದಲು ಒಂದೇ ಕಟ್ಟಡ ಕೇಳಿ. ಅದರ ಮೊದಲ ಸ್ಕೆಚ್, ಕೆಲಸದ ನಕ್ಷೆ, ಕಟ್ಟುವಾಗಿನ ಫೋಟೊ, ಮುಗಿದ ಮೇಲೆ ಎಲ್ಲಿ ಸೋರಿತು, ಎಲ್ಲಿ ಒಡೆದು ಮತ್ತೆ ಕಟ್ಟಿದರು ಎಂಬುದು. ಕೊನೆಯದನ್ನು ಬಾಯಿಬಿಟ್ಟು ಕೇಳಬೇಕು, ಕೇಳದೆ ಯಾರೂ ಹೇಳುವುದಿಲ್ಲ. ಮಾತಿಗೆ 45 ನಿಮಿಷ, ಪ್ರಶ್ನೆಗೆ 30 ನಿಮಿಷ ಎಂದು ಪತ್ರದಲ್ಲೇ ಇರಲಿ.

ಆ ಕಟ್ಟಡದ ಪ್ಲ್ಯಾನ್ ಮತ್ತು ಸೆಕ್ಷನ್ (ಕಟ್ಟಡವನ್ನು ನೆಟ್ಟಗೆ ಸೀಳಿದಂತೆ ತೋರಿಸುವ ನಕ್ಷೆ) ಒಂದು ವಾರ ಮೊದಲೇ ತರಿಸಿಕೊಂಡು ಸ್ಟುಡಿಯೊ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಪೆನ್ನು, ಚೀಟಿ ಇಡಿ. ಮೆಟ್ಟಿಲು ಇಲ್ಲೇಕೆ, ಈ ಕಿಟಕಿಗೆ ಸಜ್ಜಾ ಏಕಿಲ್ಲ ಎಂದು ಓಡಾಡುವವರು ಬರೆದು ಸಿಕ್ಕಿಸುತ್ತಾರೆ. ಉಪನ್ಯಾಸದ ದಿನ ಆ ಚೀಟಿಗಳಿಂದಲೇ ಶುರುಮಾಡಿ. ಮೊದಲ ಎರಡು ಪ್ರಶ್ನೆ ಮೊದಲ ವರ್ಷದವರಿಗೆ ಮೀಸಲಿರಲಿ. ಸೀನಿಯರ್‌ಗಳು ಮೊದಲು ಮಾತಾಡಿದರೆ ಕಿರಿಯರು ಮತ್ತೆ ಬಾಯಿ ತೆರೆಯುವುದಿಲ್ಲ.

ಸಮಯ ಶನಿವಾರ ಬೆಳಿಗ್ಗೆ 11 ಸರಿ. ಬೆಂಗಳೂರಿನಿಂದ ಹಾಸನಕ್ಕೆ ಮೂರೂವರೆ, ನಾಲ್ಕು ಗಂಟೆ ದಾರಿ. ಬೆಳಿಗ್ಗೆ ಹೊರಟವರಿಗೆ ಹತ್ತಕ್ಕೆ ತಿಂಡಿ ಹಾಕಿಸಿ ಕರೆತರಬಹುದು. ಊಟದ ನಂತರ ಕತ್ತಲ ಕೋಣೆಯಲ್ಲಿ ಸ್ಲೈಡ್ ತೋರಿಸಿದರೆ ಎಂಥ ವಾಗ್ಮಿಯ ಮುಂದೆಯೂ ನಿದ್ದೆಯೇ. ಅಕ್ಟೋಬರ್ ಮೊದಲ ಸೋಮವಾರ ವಿಶ್ವ ವಾಸ್ತುಶಿಲ್ಪ ದಿನ. ಅಂದು ಎಲ್ಲ ಕಾಲೇಜಿನವರೂ ಅವರನ್ನೇ ಕರೆಯುತ್ತಾರೆ, ನೀವು ಬೇರೆ ದಿನ ನೋಡಿಕೊಳ್ಳಿ. ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಇರುವವರಾದರೆ ಎಂಜಿನಿಯರುಗಳ ದಿನವಾದ ಸೆಪ್ಟೆಂಬರ್ 15ರ ಆಸುಪಾಸು ಸಭಾಂಗಣ ಸಿಗುವ ಆಸೆಯನ್ನೂ ಬಿಡಿ.

ಇನ್ನು ಪರದೆ. ಕ್ಯಾಡ್‌ನಲ್ಲಿ ಚೆಂದ ಕಾಣುವ ತೆಳು ಗೆರೆ ಪ್ರೊಜೆಕ್ಟರಿನಲ್ಲಿ ಮಾಯವಾಗುತ್ತದೆ. ಪಿಡಿಎಫ್ ಹಿಂದಿನ ದಿನವೇ ತರಿಸಿ, ಅದೇ ಸಭಾಂಗಣದಲ್ಲಿ, ಕೊನೆಯ ಸಾಲಿನಲ್ಲಿ ಕೂತು ನೋಡಿ. ಕಾಣದ ನಕ್ಷೆಯನ್ನು ಗೆರೆ ದಪ್ಪ ಮಾಡಿ ಕಳಿಸುವಂತೆ ಕೇಳಿಕೊಳ್ಳಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಎಚ್‌ಡಿಎಂಐ ಮತ್ತು ವಿಜಿಎ ಎರಡೂ ಕೇಬಲ್, ನಡುವಿನ ಅಡಾಪ್ಟರ್, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಸಿದ್ಧವಿರಲಿ. ಮೈಕು ಕೂಗುವುದು ಅದು ಸ್ಪೀಕರಿನ ಮುಂದೆ ಬಂದಾಗ. ಸ್ಪೀಕರುಗಳನ್ನು ವೇದಿಕೆಯ ಅಂಚಿಗೆ, ಭಾಷಣಕಾರರಿಗಿಂತ ಮುಂದೆ, ಸಭಿಕರ ಕಡೆ ಮುಖಮಾಡಿ ಇಟ್ಟರೆ ಆ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಪರಿಚಯ ಎರಡು ನಿಮಿಷ ಸಾಕು. ಶಾಲು, ಹಾರ, ಪೇಟದ ದುಡ್ಡಿನಲ್ಲಿ ಅವರ ನಕ್ಷೆಗಳ ಎ1 ಪ್ರಿಂಟ್ ತೆಗೆಸಬಹುದು.

ವರ್ಷದ ಉಪನ್ಯಾಸಗಳಲ್ಲಿ ಎರಡಾದರೂ ಕೈಕೆಲಸದವರದಾಗಲಿ. ಸಕಲೇಶಪುರದ ಕಡೆ ಹೆಂಚಿನ ಮಾಡು ಕಟ್ಟುವ ಆಚಾರಿ, ಗಾರೆ ಕೆಲಸದ ಮೇಸ್ತ್ರಿ, ಕಲ್ಲು ಕೆತ್ತುವವರು. ಅವರನ್ನು ವೇದಿಕೆ ಹತ್ತಿಸಿ ಮೈಕು ಕೊಟ್ಟರೆ ಎರಡು ಮಾತಾಡಿ ಇಳಿದುಬಿಡುತ್ತಾರೆ. ವರ್ಕ್‌ಶಾಪಿನಲ್ಲಿ ನಾಲ್ಕು ಪಕಾಸು (ಮಾಡಿನ ಇಳಿಜಾರು ತೊಲೆ), ಒಂದಿಷ್ಟು ರೀಪು (ಹೆಂಚು ಕೂರುವ ಪಟ್ಟಿ), ಐವತ್ತು ಹೆಂಚು ಮುಂದಿಟ್ಟು ‘ಆಚಾರ್ರೇ, ಈ ಮೂಲೆ ಹೇಗೆ ಕೂರಿಸ್ತೀರಿ?’ ಎಂದು ಕೇಳಿ. ಕೈ ಓಡುತ್ತಿದ್ದಂತೆ ಮಾತೂ ಬರುತ್ತದೆ. ಗೌರವಧನ ಎರಡು ದಿನದ ಕೂಲಿಗೆ ಕಡಿಮೆಯಾಗದಿರಲಿ, ಅಂದೇ ಕೈಗೆ ಸೇರಲಿ. ಚೆಕ್ಕಿಗಾಗಿ ಅವರನ್ನು ಮೂರು ಸಲ ಕಚೇರಿಗೆ ಅಲೆಸಿದರೆ ಮುಂದಿನ ವರ್ಷ ಬರುವುದಿಲ್ಲ.

ಪ್ರಶ್ನೆ: ಸಂಘದಿಂದ 24 ಜನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಅಳತೆ ನಕ್ಷೆ ಮಾಡಬೇಕೆಂದಿದ್ದೇವೆ. ಹಿಂದೆ ಇನ್ನೊಂದು ಗುಡಿ ಅಳೆದು ತಂದಾಗ ಒಳಗಿನ ಅಳತೆಗೂ ಹೊರಗಿನ ಅಳತೆಗೂ ತಾಳೆಯೇ ಆಗಲಿಲ್ಲ. ಏಕೆ ಹೀಗಾಗುತ್ತದೆ?
– ಸಂಘದ ಕಾರ್ಯದರ್ಶಿ, ಹಾಸನ

ಉತ್ತರ: ಒಳ್ಳೆಯ ಆಯ್ಕೆ. 12ನೇ ಶತಮಾನದ ಆರಂಭದ ಹೊಯ್ಸಳ ಗುಡಿ, ನಾಲ್ಕು ಗರ್ಭಗುಡಿಗಳ ಚತುಷ್ಕೂಟ. ಬೇಲೂರು, ಹಳೇಬೀಡಿನಷ್ಟು ಶಿಲ್ಪದ ದಟ್ಟಣೆ ಇಲ್ಲದ್ದರಿಂದ ಗೋಡೆಯ ರೇಖೆ ನಿಚ್ಚಳವಾಗಿ ಕಾಣುತ್ತದೆ. ಕಲಿಯುವವರಿಗೆ ಇದೇ ವಾಸಿ. ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಗುಡಿಯಾದ್ದರಿಂದ ಕಾಲೇಜಿನ ತಲೆಬರಹದ ಪತ್ರದಲ್ಲಿ ಬೆಂಗಳೂರು ವೃತ್ತದ ಕಚೇರಿಗೆ ಮುಂಚಿತವಾಗಿ ಬರೆಯಿರಿ. ಟ್ರೈಪಾಡ್ ತರುವುದಿದ್ದರೆ ಪತ್ರದಲ್ಲೇ ಹೇಳಿ. ಡ್ರೋನ್ ಮಾತು ಬಿಟ್ಟುಬಿಡಿ.

ತಾಳೆಯಾಗದಿರಲು ಸಾಮಾನ್ಯ ಕಾರಣ ತುಂಡು ಅಳತೆ. ಹೊಯ್ಸಳ ಗೋಡೆ ಹೆಜ್ಜೆಹೆಜ್ಜೆಗೂ ಮುಂದೆ ಬಂದು ಹಿಂದೆ ಸರಿಯುತ್ತದೆ. ಹನ್ನೆರಡು ಮುಖಗಳನ್ನು ಒಂದೊಂದಾಗಿ ಅಳೆದು, ಒಂದೊಂದರಲ್ಲಿ 5 ಮಿಲಿಮೀಟರ್ ತಪ್ಪಿದರೂ ಎಲ್ಲ ಒಂದೇ ಕಡೆ ವಾಲಿದಾಗ 60 ಮಿಲಿಮೀಟರ್ ಹೋಯಿತು. ಹಾಗಾಗಿ ಗೋಡೆಗೆ ಸಮಾನಾಂತರವಾಗಿ ದಾರ ಬಿಗಿದು, 30 ಮೀಟರ್ ಟೇಪನ್ನು ಅದರುದ್ದಕ್ಕೂ ಹಾಸಿ, ಸೊನ್ನೆಯನ್ನು ಕದಲಿಸದೆ ಪ್ರತಿ ಮೂಲೆಯ ಓದನ್ನೂ ಸರಣಿಯಾಗಿ ಬರೆದುಕೊಳ್ಳಿ: 0.42, 0.97, 1.38 ಹೀಗೆ. ದಾರದಿಂದ ಮೂಲೆಗಿರುವ ಅಡ್ಡದೂರ ಬೇರೆ ಕಾಲಂನಲ್ಲಿ ಬರಲಿ. ಒಳಗೆ ಪ್ರತಿ ಅಂಕಣದ (ನಾಲ್ಕು ಕಂಬಗಳ ನಡುವಿನ ಜಾಗ) ನಾಲ್ಕು ಬದಿಯ ಜೊತೆಗೆ ಎರಡೂ ಕರ್ಣ ಬೇಕೇ ಬೇಕು. ಕರ್ಣ ಇಲ್ಲದ ಕೋಣೆಯನ್ನು ಕಂಪ್ಯೂಟರಿನಲ್ಲಿ ಎಲ್ಲರೂ ಚೌಕವಾಗಿ ಎಳೆದುಬಿಡುತ್ತಾರೆ, ಗುಡಿ ಹಾಗಿರುವುದಿಲ್ಲ. ಒಳಗಿನ ದಾರ ಬಾಗಿಲಲ್ಲಿ ಹಾದು ಹೊರಗಿನ ದಾರವನ್ನು ಸೇರಬೇಕು. ಒಳ ಹೊರಗನ್ನು ಬೆಸೆಯುವುದು ಅದೊಂದೇ.

ಟೇಪಿನದೂ ತಪ್ಪಿರುತ್ತದೆ. ಕೆಲವು ಟೇಪಿನಲ್ಲಿ ಸೊನ್ನೆ ಉಂಗುರದ ತುದಿಯಿಂದ, ಕೆಲವರದರಲ್ಲಿ ಒಂದಿಷ್ಟು ಒಳಗಿನಿಂದ ಶುರು. ಎರಡು ತಂಡ ಎರಡು ಥರದ ಟೇಪು ಹಿಡಿದರೆ ಮುಗಿಯಿತು ಕಥೆ. ಬೆಳಿಗ್ಗೆ ಎಲ್ಲ ಟೇಪನ್ನೂ ಪಕ್ಕಪಕ್ಕ ಹಾಸಿ ನೋಡಿ. ಗಾಳಿಯಲ್ಲಿ ಜೋತುಬಿದ್ದ ಟೇಪು ಹೆಚ್ಚು ತೋರಿಸುತ್ತದೆ, ಎಳೆದೆಳೆದು ಹಿಗ್ಗಿದ ಬಟ್ಟೆ ಟೇಪು ಕಡಿಮೆ ತೋರಿಸುತ್ತದೆ. ಲೇಸರ್ ಮಾಪಕ ಒಳಗೆ ಚೆನ್ನ. ಹೊರಗಿನ ಬಿಸಿಲಲ್ಲಿ ಚುಕ್ಕಿ ಕಾಣುವುದೇ ಇಲ್ಲ, ಮಿರುಗುವ ಕಪ್ಪು ಕಂಬಕ್ಕೆ ಬಿದ್ದರೂ ಕೈಕೊಡುತ್ತದೆ. ಒಬ್ಬರು ಬಿಳಿ ರಟ್ಟು ಹಿಡಿದು ನಿಂತರೆ ಕೆಲಸ ಆಗುತ್ತದೆ.

ನೆಲವನ್ನು ನಂಬಬೇಡಿ, ಅದು ಕುಸಿದಿರುತ್ತದೆ. ಮೇಸ್ತ್ರಿಗಳ ನೀರಿನ ಲೆವೆಲ್ ಪೈಪಿನಿಂದ ಗುಡಿಯ ಸುತ್ತ ಒಂದೇ ಮಟ್ಟದ ದಾರ ಕಟ್ಟಿ. ಎಲ್ಲ ಎತ್ತರವೂ ಆ ದಾರದಿಂದ ಮೇಲೆ ಕೆಳಗೆ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ಸುಳ್ಳಾಗುತ್ತದೆ, ಮೊದಲು ನೀರು ಹರಿಸಿ ಗುಳ್ಳೆ ಓಡಿಸಿ.

ತಿರುಗಣೆಯಲ್ಲಿ ಕಡೆದಂಥ ಕಂಬಕ್ಕೆ ಅಡ್ಡಳತೆ ಹಿಡಿಯಲು ಹೋಗಬೇಡಿ. ದಾರ ಸುತ್ತಿ ಸುತ್ತಳತೆ ತೆಗೆದು 3.14ರಿಂದ ಭಾಗಿಸಿ: 188 ಸೆಂ.ಮೀ. ಬಂದರೆ ಅಡ್ಡಳತೆ ಸುಮಾರು 60. ಪ್ರತಿ ಬಳೆಗೂ, ಪ್ರತಿ ತಗ್ಗಿಗೂ ಒಂದು ಸುತ್ತು, ಅದು ಮಟ್ಟದ ದಾರದಿಂದ ಎಷ್ಟು ಎತ್ತರ ಎಂಬುದು ಪಕ್ಕದಲ್ಲಿ. ಒಂದು ಕಂಬಕ್ಕೆ ಇಬ್ಬರಿಗೆ ಒಂದು ಗಂಟೆ ಹಿಡಿಯುತ್ತದೆ. ಗುಡಿ ಕಟ್ಟಿರುವ ಬಳಪದ ಕಲ್ಲು ಮೆದು. ಸ್ಟೀಲ್ ಟೇಪಿನ ಕೊಕ್ಕೆ ಎಳೆದರೆ ಗೀರು ಬೀಳುತ್ತದೆ. ಕೊಕ್ಕೆಗೆ ಬಟ್ಟೆ ಸುತ್ತಿ. ಸೀಮೆಸುಣ್ಣದ ಗುರುತು, ಅಂಟು ಟೇಪು, ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯುವುದು ಯಾವುದೂ ಕೂಡದು.

ಶಿಖರ ಹತ್ತುವಂತಿಲ್ಲ, ಕೋನದಿಂದಲೇ ಲೆಕ್ಕ. 12 ಮೀಟರ್ ದೂರದಿಂದ 40 ಡಿಗ್ರಿ ಕಂಡರೆ ಕಣ್ಣಿನ ಮಟ್ಟದಿಂದ ಮೇಲಕ್ಕೆ ಸುಮಾರು 10 ಮೀಟರ್. ಆ ದೂರ ಗೋಡೆಯವರೆಗಲ್ಲ, ತುದಿಯ ನೇರ ಕೆಳಗಿನ ಬಿಂದುವಿನವರೆಗೆ. ಹೆಚ್ಚಿನವರು ಎಡವುವುದು ಇಲ್ಲೇ. ಮೊಬೈಲಿನ ಕೋನಮಾಪಕ ಒಂದು ಡಿಗ್ರಿ ತಪ್ಪಿದರೆ ಇಲ್ಲಿ 35 ಸೆಂ.ಮೀ. ವ್ಯತ್ಯಾಸ. ಮೂರು ಬೇರೆ ಬೇರೆ ದೂರದಿಂದ ತೆಗೆದು ತಾಳೆ ನೋಡಿ.

ನಾಲ್ವರ ಆರು ತಂಡ ಮಾಡಿ. ಒಬ್ಬರು ಸೊನ್ನೆ ಹಿಡಿಯಲಿ, ಒಬ್ಬರು ಓದಲಿ, ಒಬ್ಬರು ಬರೆಯಲಿ, ಒಬ್ಬರು ಸ್ಕೆಚ್ ಮಾಡಲಿ. ಬರೆಯುವವರು ಅಂಕಿಯನ್ನು ಗಟ್ಟಿಯಾಗಿ ಮರುಹೇಳಬೇಕು. ಮೊದಲ ಎರಡು ಗಂಟೆ ಟೇಪು ಚೀಲದಲ್ಲೇ ಇರಲಿ, ಎ3 ಹಾಳೆಯಲ್ಲಿ ಕೈಸ್ಕೆಚ್ ಮುಗಿಯಲಿ. ಅಂದು ರಾತ್ರಿಯೇ ಹಾಸನದಲ್ಲಿ ಕೂತು 1:50ರಲ್ಲಿ ಎಳೆದರೆ ಯಾವ ಅಳತೆ ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ. ಅದಕ್ಕಾಗಿ ಮೂರನೇ ದಿನದ ಬೆಳಿಗ್ಗೆ ಖಾಲಿ ಇಟ್ಟುಕೊಳ್ಳಿ. 1:50ರಲ್ಲಿ 30 ಸೆಂ.ಮೀ. ವಿಗ್ರಹ 6 ಮಿಲಿಮೀಟರ್ ಆಗುತ್ತದೆ, ಅಲ್ಲಿ ಶಿಲ್ಪ ಬಿಡಿಸುವ ಹುಚ್ಚು ಬೇಡ. ಗೋಡೆಯ ಒಂದು ಭಾಗವನ್ನು ಮಾತ್ರ 1:10ರಲ್ಲಿ ಪೂರ್ತಿ ಮಾಡಿ. ನವೆಂಬರಿನಿಂದ ಫೆಬ್ರವರಿವರೆಗೆ ಹೋಗಿ.

ಪ್ರಶ್ನೆ: ಶೆಟ್ಟಿಹಳ್ಳಿ ಚರ್ಚಿಗೆ ಸ್ಕೆಚಿಂಗ್ ಪ್ರವಾಸ ಯಾವಾಗ ಇಡಬೇಕು?
– ಮೊದಲ ವರ್ಷದ ವಿದ್ಯಾರ್ಥಿ, ಹಾಸನ

ಉತ್ತರ: ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಅದು ಅರ್ಧ ಮುಳುಗಿರುತ್ತದೆ. ನೀರಿನ ನಡುವಿನ ನೋಟ ಬೇಕಿದ್ದರೆ ಮಳೆಗಾಲದ ಕೊನೆ, ಬುಡದವರೆಗೆ ಬಿಡಿಸಬೇಕಿದ್ದರೆ ಮಾರ್ಚ್‌ನಿಂದ ಮೇ. ವರ್ಷ ವರ್ಷ ನೆನೆದು ಒಣಗುವ ಗಾರೆ, ಇಟ್ಟಿಗೆ ಸಡಿಲವಾಗಿವೆ. ಕಮಾನಿನ ಕೆಳಗೆ ಯಾರೂ ಕೂರಬಾರದು.

ಪ್ರಶ್ನೆ: ನಮ್ಮದು ಕಾಫಿ ತೋಟದ ಹಳೆಯ ತೊಟ್ಟಿ ಮನೆ. ಆರ್ಕಿಟೆಕ್ಚರ್ ಮಕ್ಕಳು ಮೂರು ದಿನ ಬಂದು ಅಳೆಯುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೆ? ನಮಗೇನು ಪ್ರಯೋಜನ?
– ಬೆಳೆಗಾರರೊಬ್ಬರು, ಚಿಕ್ಕಮಗಳೂರು

ಉತ್ತರ: ಅಧ್ಯಾಪಕರ ಸಹಿ ಇರುವ ಪತ್ರ, ಬರುವವರ ಹೆಸರಿನ ಪಟ್ಟಿ ಕೇಳಿ ಪಡೆದು ಒಪ್ಪಿಕೊಳ್ಳಿ. ದೇವರ ಮನೆ, ಮಲಗುವ ಕೋಣೆಗೆ ಯಾವ ಹೊತ್ತಿನಲ್ಲಿ ಬರಬಹುದು ಎಂದು ಮೊದಲೇ ಹೇಳಿಬಿಡಿ. ಅಟ್ಟಕ್ಕೆ ಒಮ್ಮೆಗೆ ಇಬ್ಬರು ಸಾಕು. ಹೆಂಚಿನ ಮೇಲೆ ಹತ್ತಲು ಬಿಡಲೇಬೇಡಿ, ಮಾಡಿನ ಅಳತೆಯನ್ನು ಒಳಗಿನಿಂದ ಪಕಾಸು ಹಿಡಿದು ತೆಗೆಯಬಹುದು. ನಕ್ಷೆಯ ಒಂದು ಪ್ರಿಂಟ್ ಸೆಟ್ಟು, ಪಿಡಿಎಫ್ ನಿಮಗೆ ಸಲ್ಲಬೇಕು. ತಿಜೋರಿ ಇರುವ ಕೋಣೆಗೆ ಹೆಸರು ಬರೆಯಬಾರದು, ನಿಮ್ಮನ್ನು ಕೇಳದೆ ಇಂಟರ್ನೆಟ್ಟಿಗೆ ಹಾಕಬಾರದು.

ಪ್ರಯೋಜನ ಮಾಡು ರಿಪೇರಿಯಲ್ಲಿ ಗೊತ್ತಾಗುತ್ತದೆ. ಮಂಗಳೂರು ಹೆಂಚು 100 ಚದರಡಿಗೆ ಸುಮಾರು 150 ಬೇಕು. ಆದರೆ ನೆಲದ ಅಳತೆಯಿಂದ ಲೆಕ್ಕ ಹಾಕಿದರೆ ಕಡಿಮೆ ಬೀಳುತ್ತದೆ. 30 ಡಿಗ್ರಿ ಇಳಿಜಾರಿನ ಮಾಡು ನೆಲದಳತೆಗಿಂತ ಶೇ. 15ರಷ್ಟು ಹೆಚ್ಚು. ನೆಲದಲ್ಲಿ 1,000 ಚದರಡಿ ಇದ್ದರೆ ಹೆಂಚು 1,500 ಅಲ್ಲ, 1,730ರ ಹತ್ತಿರ, ಒಡೆಯುವುದಕ್ಕೆ ಇನ್ನಷ್ಟು. ಸರಿಯಾದ ಸೆಕ್ಷನ್ ನಕ್ಷೆ ಕೈಯಲ್ಲಿದ್ದರೆ ಈ ಲೆಕ್ಕ ಕೂತಲ್ಲೇ ಆಗುತ್ತದೆ.

ಪ್ರಶ್ನೆ: ಸಂಘದ ಎರಡು ದಿನದ ಕಾರ್ಯಾಗಾರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಗಳು ವಾರದೊಳಗೆ ಬಿರುಕು ಬಿಟ್ಟವು. ಸಿಮೆಂಟ್ ಜಾಸ್ತಿ ಹಾಕಬೇಕಿತ್ತೆ?
– ಎರಡನೇ ವರ್ಷದ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಸಿಮೆಂಟಿಗಿಂತ ಜೇಡಿಯ ಮೇಲೆ ಅನುಮಾನ ಹೆಚ್ಚು. ಮೇಲಿನ ಒಂದಡಿ ಮಣ್ಣು ತೆಗೆದುಹಾಕಿ ಕೆಳಗಿನದನ್ನು ತನ್ನಿ, ಮೇಲ್ಮಣ್ಣಿನಲ್ಲಿ ಬೇರು, ಗೊಬ್ಬರ ಇರುತ್ತದೆ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ರಾತ್ರಿ ಇಡಿ. ತಳದಲ್ಲಿ ಮರಳು, ನಡುವೆ ಗೋಡು, ಮೇಲೆ ಜೇಡಿ ಪದರಪದರವಾಗಿ ಕೂರುತ್ತದೆ. ಮರಳು ಮೂರರಲ್ಲಿ ಎರಡು ಪಾಲು ಇರಬೇಕು. ಕಡಿಮೆ ಇದ್ದರೆ ಮರಳೋ ಕಲ್ಲುಪುಡಿಯೋ ಬೆರೆಸಿ. ಎರೆಮಣ್ಣು ಈ ಕೆಲಸಕ್ಕೆ ಬೇಡ.

ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ತಂಡದಿಂದ ಬಂದ, ಮಣ್ಣಿನ ಇಟ್ಟಿಗೆ ಒತ್ತುವ ಮರ್ದಿನಿ ಯಂತ್ರದಲ್ಲಿ 230×190×100 ಮಿ.ಮೀ. ಇಟ್ಟಿಗೆ ಒಣಗಿದಾಗ ಸುಮಾರು 8 ಕಿಲೊ. ಶೇ. 7 ಸಿಮೆಂಟ್ ಲೆಕ್ಕದಲ್ಲಿ 50 ಕಿಲೊ ಚೀಲಕ್ಕೆ 90ರಷ್ಟು ಇಟ್ಟಿಗೆ. ಒಣಮಣ್ಣಿಗೇ ಸಿಮೆಂಟ್ ಬೆರೆಸಿ, ಬಣ್ಣ ಒಂದೇ ಸಮ ಆದ ಮೇಲೆ ನೀರು ಚಿಮುಕಿಸಿ. ಉಂಡೆ ಮಾಡಿ ಎದೆಮಟ್ಟದಿಂದ ಬಿಡಿ: ನಾಲ್ಕೈದು ಹೋಳಾದರೆ ಹದ, ಚಪ್ಪಟೆಯಾದರೆ ನೀರು ಜಾಸ್ತಿ, ಪುಡಿಯಾದರೆ ಕಡಿಮೆ. ಒಮ್ಮೆಗೆ ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ.

ಆಮೇಲೆ ಮೂರು ವಾರ ಗೋಣಿ ಹೊದಿಸಿ ನೀರು ಹಾಕಬೇಕು, ನಿಮ್ಮಲ್ಲಿ ಬಹುಶಃ ಇದೂ ತಪ್ಪಿದೆ. ಕಾರ್ಯಾಗಾರ ಎರಡು ದಿನ, ನೀರಿನ ಕೆಲಸ 21 ದಿನ. ಭಾನುವಾರ ಎಲ್ಲರೂ ಊರಿಗೆ ಹೋಗುತ್ತಾರೆ, ಇಟ್ಟಿಗೆ ಅಂದೇ ಒಣಗುತ್ತದೆ. ಬೆಳಿಗ್ಗೆ ಸಂಜೆಯ ಪಾಳಿಪಟ್ಟಿ ಬರೆದು ಸ್ಟುಡಿಯೊ ಬಾಗಿಲಿಗೆ ಅಂಟಿಸಿ, ಭಾನುವಾರದ ಪಾಳಿಯನ್ನು ಹಾಸ್ಟೆಲಿನವರಿಗೆ ಹಾಕಿ.