ಇಂಟರ್‌ವ್ಯೂಗೆ ಮೊದಲು ಎಚ್-ಇಂಡೆಕ್ಸ್ ಏರಿಸಬೇಕು. ಒಂದೇ ಅಧ್ಯಯನದ ಡೇಟಾವನ್ನು ಮೂರು ಪೇಪರ್ ಮಾಡಬಹುದಾ?

ಬೇಡ, ಮಾಡಬೇಡಿ. ನಾನು ನಾಲ್ಕು ಮಾಡಿದ್ದೆ.

ಸಕ್ಕರೆ ಕಾಯಿಲೆ ಇರುವವರ ಕಿಡ್ನಿ ಹೇಗೆ ಕೆಡುತ್ತಾ ಹೋಗುತ್ತದೆ ಅನ್ನೋದು ನನ್ನ ವಿಷಯ. 312 ರೋಗಿಗಳು, ಎರಡು ವರ್ಷದ ಫಾಲೋ-ಅಪ್. ಆಗ ನನ್ನ ಎಚ್-ಇಂಡೆಕ್ಸ್ 5. ಅಂದರೆ ತಲಾ 5 ಸಲವಾದರೂ ಉಲ್ಲೇಖವಾದ ಪೇಪರ್‌ಗಳು 5 ಇದ್ದವು. ಕೂತು ಲೆಕ್ಕ ಹಾಕಿದೆ. ಒಂದೇ ದೊಡ್ಡ ಪೇಪರಿಗೆ 40 ಸೈಟೇಶನ್ ಬಂದರೂ ಇಂಡೆಕ್ಸ್ ಒಂದಕ್ಕಿಂತ ಜಾಸ್ತಿ ಏರುವುದಿಲ್ಲ. ನಾಲ್ಕು ಪೇಪರಿಗೆ ಹತ್ತತ್ತು ಬಂದರೆ ಏರಬಹುದು. ಹಾಗಾಗಿ ಒಡೆದೆ. ರಕ್ತದ ಸಕ್ಕರೆಗೆ ಒಂದು, ಬಿಪಿಗೆ ಒಂದು, ಮೂತ್ರದಲ್ಲಿ ಹೋಗುವ ಪ್ರೋಟೀನಿಗೆ ಒಂದು, ಆಸ್ಪತ್ರೆ ಸೇರಿದವರ ಮೇಲೆ ಇನ್ನೊಂದು.

ನನ್ನ ತಪ್ಪು ಎಲ್ಲಿ ಅಂತ ಸರಿಯಾಗಿ ಹೇಳಬೇಕು, ಯಾಕೆಂದರೆ ನಾನೇ ಅದನ್ನು ಬಹಳ ದಿನ ತಪ್ಪಾಗಿ ತಿಳಿದಿದ್ದೆ. ಒಡೆದದ್ದಕ್ಕಿಂತ ಕೆಟ್ಟದ್ದು, ಒಡೆದಿದ್ದೇನೆ ಅಂತ ಎಲ್ಲೂ ಬರೆಯದೇ ಇದ್ದದ್ದು. ಒಂದು ಪೇಪರಿನಲ್ಲಿ ಉಳಿದ ಮೂರರ ಹೆಸರಿಲ್ಲ. ರಿಪೋರ್ಟ್ ಸಿಗದವರನ್ನು ಬಿಟ್ಟಿದ್ದರಿಂದ ರೋಗಿಗಳ ಸಂಖ್ಯೆ 312, 298, 305, 281 ಅಂತ ಬೇರೆ ಬೇರೆ. ಅಧ್ಯಯನ ಹೇಗೆ ಮಾಡಿದೆ ಅಂತ ಹೇಳುವ ಮೆಥಡ್ಸ್ ಭಾಗವನ್ನೂ ಪ್ರತಿ ಸಲ ಬೇರೆ ಮಾತಿನಲ್ಲಿ ಬರೆದೆ. ಓದಿದವರಿಗೆ ಇವು ನಾಲ್ಕು ಬೇರೆ ಅಧ್ಯಯನ, ಸಾವಿರಕ್ಕೂ ಹೆಚ್ಚು ರೋಗಿಗಳು ಅನ್ನಿಸುತ್ತಿತ್ತು. ಇದ್ದದ್ದು ಅದೇ 312 ಜನ.

ಮೂರು ವರ್ಷದ ನಂತರ ಮೆಟಾ-ಅನಾಲಿಸಿಸ್, ಅಂದರೆ ಹಲವು ಅಧ್ಯಯನಗಳ ಫಲಿತಾಂಶ ಕೂಡಿಸಿ ಲೆಕ್ಕ ಹಾಕುವ ಕೆಲಸ, ಮಾಡುತ್ತಿದ್ದವರು ಮೇಲ್ ಮಾಡಿ ಕೇಳಿದರು: ಈ ನಾಲ್ಕರಲ್ಲೂ ಇರುವುದು ಅದೇ ರೋಗಿಗಳಾ? ಹೌದು ಅಂತ ಬರೆದೆ. ಅವರ ಲೆಕ್ಕದಲ್ಲಿ ಪೇಪರ್ ಎಷ್ಟು ಅನ್ನೋದು ಮುಖ್ಯವಲ್ಲ, ಅಧ್ಯಯನ ಎಷ್ಟು ಅನ್ನೋದು ಮುಖ್ಯ. ಒಂದನ್ನು ಮಾತ್ರ ತೆಗೆದುಕೊಂಡು, ಉಳಿದವು ಅದೇ ರೋಗಿಗಳ ವರದಿಗಳು ಅಂತ ನಮೂದಿಸಿದರು. ಮುಂದಿನ ಇಂಟರ್‌ವ್ಯೂನಲ್ಲಿ ಪ್ಯಾನೆಲ್‌ನ ಒಬ್ಬರು ಆ ಪುಟವನ್ನೇ ಮುಂದಿಟ್ಟು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸವೂ ಸಿಗಲಿಲ್ಲ.

ಕೆಲಸ ಸಿಗದೇ ಹೋದದ್ದಕ್ಕಿಂತ ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಔಷಧಿಯ ಪ್ರಯೋಗಗಳ ಬಗ್ಗೆ 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಓದಿದೆ. ಅದೇ ಡೇಟಾ ಮತ್ತೆ ಮತ್ತೆ ಪ್ರಕಟವಾದದ್ದನ್ನು ಗುರುತಿಸದೆ ಕೂಡಿಸಿದರೆ, ಔಷಧಿಯ ಪರಿಣಾಮ 23% ಹೆಚ್ಚಾಗಿ ಕಾಣುತ್ತಿತ್ತು. ಇಂಥ ಲೆಕ್ಕ ನೋಡಿಯೇ ಅಲ್ವಾ ವೈದ್ಯರು ಚೀಟಿ ಬರೆಯುವುದು? ಆ ಮೇಲ್ ಬರದೇ ಇದ್ದಿದ್ದರೆ ನನ್ನ ರೋಗಿಗಳನ್ನೂ ನಾಲ್ಕು ಸಲ ಎಣಿಸುತ್ತಿದ್ದರು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನಗೆ ಅನ್ನಿಸುತ್ತದೆ. ಇಂಟರ್‌ವ್ಯೂ ಹೊತ್ತಿಗೆ ಆ ಸಂಖ್ಯೆ ಏರುವುದೇ ಇಲ್ಲ. ಇವತ್ತು ಪೇಪರ್ ಕಳಿಸಿದರೆ ರಿವ್ಯೂ ಮುಗಿಯಲು ತಿಂಗಳುಗಳು ಬೇಕು, ಬೇರೆಯವರು ಉಲ್ಲೇಖಿಸಲು ಇನ್ನೂ ಹೆಚ್ಚು. 2005ರಲ್ಲಿ ಎಚ್-ಇಂಡೆಕ್ಸ್ ಸೂಚಿಸಿದ ಹಿರ್ಷ್ ಒಬ್ಬ ಭೌತವಿಜ್ಞಾನಿ. ಒಂದೇ ಸಂಖ್ಯೆಯಿಂದ ಒಬ್ಬರ ಕೆಲಸದ ಅಂದಾಜು ಮಾತ್ರ ಸಿಗುತ್ತದೆ ಅಂತ ಆ ಲೇಖನದಲ್ಲೇ ಎಚ್ಚರಿಸಿದ್ದಾರೆ. ಒಂದು ಜರ್ನಲ್‌ನ ಪೇಪರ್‌ಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಅಂತ ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ಅಂತೂ ಜರ್ನಲ್‌ನದ್ದು, ನಿಮ್ಮದಲ್ಲ. ಸಿವಿಯಲ್ಲಿ ಅದನ್ನು ತುಂಬಬೇಡಿ.

ಬದಲಿಗೆ ನಿಮ್ಮ ಒಳ್ಳೆಯ ಐದು ಪೇಪರ್ ಆರಿಸಿ. ಪ್ರತಿಯೊಂದರ ಕೆಳಗೆ ಏನು ಕಂಡುಕೊಂಡಿರಿ, ಅದರಲ್ಲಿ ನಿಮ್ಮ ಪಾಲು ಏನು ಅಂತ ಎರಡು ಸಾಲು ಬರೆಯಿರಿ. ಸಂಶೋಧಕರನ್ನು ಗುರುತಿಸುವ ಆರ್ಕಿಡ್ (ORCID) ಸಂಖ್ಯೆ ಇಲ್ಲದಿದ್ದರೆ ಇವತ್ತೇ ಮಾಡಿಸಿ, ದುಡ್ಡು ಕೊಡಬೇಕಿಲ್ಲ. ಹೆಸರು ಒಂದು ಕಡೆ ಇನಿಷಿಯಲ್‌ನೊಂದಿಗೆ, ಇನ್ನೊಂದು ಕಡೆ ಪೂರ್ತಿಯಾಗಿ ಬಂದಿದ್ದರೆ ಸೈಟೇಶನ್‌ಗಳು ಎರಡು ಪ್ರೊಫೈಲ್‌ಗಳಲ್ಲಿ ಹಂಚಿಹೋಗಿರುತ್ತವೆ. ಅವನ್ನು ಸೇರಿಸಿದರೆ ಸಂಖ್ಯೆ ನ್ಯಾಯವಾಗಿಯೇ ಏರಬಹುದು.

ಡೇಟಾವನ್ನು ಒಂದೇ ಪೇಪರ್ ಆಗಿ ಬರೆಯಿರಿ. ನಿಜಕ್ಕೂ ಬೇರೆ ಪ್ರಶ್ನೆ ಇದ್ದರೆ ಎರಡನೆಯದು ಬರೆಯಬಹುದು. ಆಗ ಅದೇ ರೋಗಿಗಳು ಅಂತ ಮೆಥಡ್ಸ್‌ನ ಮೊದಲ ಸಾಲಲ್ಲೇ ಹೇಳಿ, ಹಿಂದಿನ ಪೇಪರನ್ನು ಉಲ್ಲೇಖಿಸಿ, ಸಂಪಾದಕರಿಗೆ ಬರೆಯುವ ಪತ್ರದಲ್ಲೂ ತಿಳಿಸಿ. ನನ್ನ ನಾಲ್ಕಕ್ಕೂ ಕೊನೆಗೆ ಆ ಸಾಲನ್ನು ತಿದ್ದುಪಡಿಯಾಗಿ ಹಾಕಿಸಿದೆ. ಅದಕ್ಕೇ ಒಂದು ವರ್ಷ ಹಿಡಿಯಿತು.